ಶಾಲೆ ಪಾಲಕರಿಗೆ ತಿಳಿಸಬೇಕಾದುದು

ಮಠಗಳ ಆಶ್ರಯದಲ್ಲಿ ನಡೆದುಬಂದಿರುವ ವಿದ್ಯಾಸಂಸ್ಥೆಗಳ ವಾರ್ಷಿಕ ಸಂಚಿಕೆಗಳಿಗೆ ಒಂದು ಕ್ರಮವಿದೆ. ಪೂಜ್ಯರ ಆಶೀರ್ವಚನ, ಕಾರ್ಯದರ್ಶಿಗಳ ವರದಿ, ವಿದ್ಯಾರ್ಥಿಗಳ ಕವಿತೆ-ಪ್ರಬಂಧಗಳು, ಕ್ರೀಡಾವಿಭಾಗದ ಸಾಧನೆ, ಇವೆಲ್ಲ ಮುಗಿದ ಮೇಲೆ ಕೊನೆಯ ಹಾಳೆಗಳಲ್ಲಿ ದಾನಿಗಳ ಯಾದಿ ಅಚ್ಚಾಗಿರುತ್ತದೆ. ಕೊಠಡಿಯೊಂದನ್ನು ಕಟ್ಟಿಸಿಕೊಟ್ಟವರಿಂದ ಹಿಡಿದು ಪ್ರಸಾದನಿಲಯಕ್ಕೆ ನಾಲ್ಕು ಚೀಲ ಜೋಳ ಮುಟ್ಟಿಸಿದವರ ತನಕ ಪ್ರತಿಯೊಬ್ಬರ ಹೆಸರೂ ಕೊಡುಗೆಯ ಮೊತ್ತವೂ ಅಲ್ಲಿ ಕಾಣಸಿಗುತ್ತವೆ. ಇದು ಬರಿಯ ಉಪಚಾರವಲ್ಲ. ಮನೆಮನೆಯಿಂದ ಬಂದುದರ ಲೆಕ್ಕವನ್ನು ಮನೆಮನೆಗೆ ತಿಳಿಸದಿದ್ದರೆ ಮರುವರ್ಷ ಜೋಳಿಗೆ ಹಿಡಿದು ಹೋಗಲು ಮುಖವಿರುವುದಿಲ್ಲವೆಂಬ ಅರಿವು, ಮುಷ್ಟಿ ಧಾನ್ಯ ಕೂಡಿಸಿ ಶಾಲೆಗಳನ್ನು ಕಟ್ಟಿದ ತಲೆಮಾರಿನವರಿಗೆ ಚೆನ್ನಾಗಿಯೇ ಇತ್ತು. ಅಗತ್ಯಕ್ಕಿಂತ ಹೆಚ್ಚಾಗಿ ಬಂದ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳುತ್ತ ಬೆಳೆದ ಸಮಾಜಕ್ಕೆ ಲೆಕ್ಕದ ಮಹತ್ತ್ವವನ್ನು ಯಾವ ಕಾಯದೆಯೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಈ ಯಾದಿಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನು ಇಟ್ಟು ನೋಡಬೇಕಾಗಿದೆ. ಹಣ ಕೊಟ್ಟ ದಾನಿಗೆ ಇಷ್ಟು ಶ್ರದ್ಧೆಯಿಂದ ಲೆಕ್ಕ ಒಪ್ಪಿಸುವ ಸಂಸ್ಥೆ, ಮಗುವನ್ನೇ ಒಪ್ಪಿಸಿದ ಪಾಲಕನಿಗೆ ಏನನ್ನು ತಿಳಿಸುತ್ತದೆ? ಶಾಲೆಯಲ್ಲಿ ಶಿಕ್ಷಕರು ಎಷ್ಟು ಜನ, ಅವರಲ್ಲಿ ಗಣಿತ ಕಲಿಸಬಲ್ಲವರು ಯಾರು, ಹೆಣ್ಣುಮಕ್ಕಳಿಗೆ ಶೌಚಾಲಯಗಳೆಷ್ಟು, ಕಟ್ಟಡದ ಭದ್ರತೆಯನ್ನು ಪರೀಕ್ಷಿಸಿದವರು ಯಾರು, ವರ್ಷಕ್ಕೆ ಒಟ್ಟು ಎಷ್ಟು ಹಣ ತುಂಬಬೇಕು? ಇವು ಕುತೂಹಲದ ಪ್ರಶ್ನೆಗಳಲ್ಲ. ಇವುಗಳಿಗೆ ಉತ್ತರ ಕೊಡಬೇಕೆಂದು ಇಂದು ಕಾನೂನೇ ಹೇಳುತ್ತದೆ. ಉತ್ತರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಒಂದು ವರ್ಗದ ಶಾಲೆಗಳಿಗೆ ಬಂದಾಗಿದೆ. ಹೀಗಿದ್ದೂ ಆ ಉತ್ತರಗಳು ಕೇಳಬೇಕಾದವರ ಕಿವಿಯನ್ನು ಮುಟ್ಟಿಲ್ಲವೆಂಬುದು ವಿಷಾದದ ಸಂಗತಿ.

ಮೇ ತಿಂಗಳ ಕೊನೆಯಲ್ಲಿ ಯಾವುದೇ ಶಾಲೆಯ ಕಚೇರಿಯ ಕಿಟಕಿಯ ಬಳಿ ಅರ್ಧ ತಾಸು ನಿಂತರೆ ಸಾಕು, ಈ ಮಾತು ಮನವರಿಕೆಯಾಗುತ್ತದೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ರೈತನೊಬ್ಬ ಮಗನ ವರ್ಗಾವಣೆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದು ನಿಂತಿರುತ್ತಾನೆ. “ಒಟ್ಟ ಎಷ್ಟ ಆಗ್ತೈತ್ರೀ ಸಾಹೇಬ್ರ?” ಎಂದು ಕೇಳುತ್ತಾನೆ. “ಈಗ ಇಷ್ಟ ತುಂಬ್ರಿ, ಉಳಿದದ್ದು ಆಮ್ಯಾಲೆ ಹೇಳ್ತೇವಿ” ಎಂದು ಒಳಗಿನಿಂದ ಉತ್ತರ ಬರುತ್ತದೆ. ಗುಮಾಸ್ತರು ಕೆಟ್ಟವರಲ್ಲ. ಸಾಲು ಉದ್ದವಿದೆ, ಎರಡನೆಯ ಕಂತಿನ ವಿಷಯ ಅವರಿಗೂ ಖಚಿತವಾಗಿ ಗೊತ್ತಿಲ್ಲ. ರೈತ ಹಣ ಎಣಿಸಿ ಕೊಟ್ಟು, ರಸೀದಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾನೆ. ದಸರೆಯ ಹೊತ್ತಿಗೆ ‘ಉಳಿದದ್ದು’ ಎಷ್ಟೆಂದು ಅವನಿಗೆ ತಿಳಿಯುತ್ತದೆ. ಆ ಮೊತ್ತ ಕಚೇರಿಯ ಕಂಪ್ಯೂಟರಿನಲ್ಲಿ ಏಪ್ರಿಲ್ ತಿಂಗಳಲ್ಲಿಯೇ ದಾಖಲಾಗಿದ್ದಿರಬಹುದು, ಶಾಲೆಯ ಜಾಲತಾಣದಲ್ಲಿಯೂ ಇದ್ದಿರಬಹುದು. ಅವನ ಪಾಲಿಗೆ ಮಾತ್ರ ಅದು ಇರಲಿಲ್ಲ.

ಕಾನೂನು ಏನನ್ನು ಕೇಳುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಇತ್ತೀಚಿನ ದಶಕಗಳಲ್ಲಿ ಅನೇಕ ಮಠಗಳು ಹಳೆಯ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯ ಮಗ್ಗುಲಲ್ಲಿಯೇ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ, ಅಂದರೆ ಸಿ.ಬಿ.ಎಸ್.ಇ. ಪಠ್ಯಕ್ರಮದ ಶಾಲೆಯನ್ನು ತೆರೆದಿವೆ. ಈ ಎರಡನೆಯ ವರ್ಗದ ಶಾಲೆಗಳಿಗೆ ಮಂಡಳಿಯು ‘ಕಡ್ಡಾಯ ಸಾರ್ವಜನಿಕ ಪ್ರಕಟಣೆ’ ಎಂಬ ನಮೂನೆಯೊಂದನ್ನು ವಿಧಿಸಿದೆ. ಮಂಡಳಿಯ 2018ರ ಸಂಯೋಜನೆಯ ಉಪನಿಯಮಗಳಿಗೆ ಅದು ಅನುಬಂಧವಾಗಿ ಸೇರಿದೆ. ಅದರಂತೆ ಶಾಲೆಯು ತನ್ನ ಜಾಲತಾಣದಲ್ಲಿ ಮಾನ್ಯತೆಯ ಪತ್ರ, ಟ್ರಸ್ಟು ಅಥವಾ ಸಂಘದ ನೋಂದಣಿ ಪತ್ರ, ರಾಜ್ಯ ಸರಕಾರದ ನಿರಾಕ್ಷೇಪಣಾ ಪತ್ರ, ಕಟ್ಟಡದ ಭದ್ರತೆ, ಅಗ್ನಿಸುರಕ್ಷತೆ, ನೀರು ಮತ್ತು ನೈರ್ಮಲ್ಯಗಳ ಪ್ರಮಾಣಪತ್ರಗಳು ಇವೆಲ್ಲವನ್ನೂ ಇಡಬೇಕು. ಶುಲ್ಕದ ವಿವರ, ವರ್ಷದ ಕಾರ್ಯಸೂಚಿ, ಶಾಲಾ ನಿರ್ವಹಣಾ ಸಮಿತಿಯ ಹಾಗೂ ಪಾಲಕ-ಶಿಕ್ಷಕ ಸಂಘದ ಸದಸ್ಯರ ಯಾದಿ, ಹಿಂದಿನ ಮೂರು ವರ್ಷಗಳ ಪರೀಕ್ಷಾ ಫಲಿತಾಂಶ ಬೇಕು. ಯಾವ ಹಂತಕ್ಕೆ ಎಷ್ಟು ಶಿಕ್ಷಕರು, ತರಗತಿಯ ವಿಭಾಗಗಳಿಗೂ ಅವರಿಗೂ ಇರುವ ಪ್ರಮಾಣವೇನು, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಿಕ್ಷಕರಿದ್ದಾರೆಯೆ, ಆಪ್ತ ಸಲಹೆಗಾರರಿದ್ದಾರೆಯೆ ಎಂಬುದು ಬೇಕು. ಆವರಣದ ವಿಸ್ತೀರ್ಣ ಚದರ ಮೀಟರುಗಳಲ್ಲಿ, ಕೊಠಡಿಗಳ ಸಂಖ್ಯೆ ಮತ್ತು ಅಳತೆ, ಗಂಡುಮಕ್ಕಳ ಹಾಗೂ ಹೆಣ್ಣುಮಕ್ಕಳ ಶೌಚಾಲಯಗಳ ಸಂಖ್ಯೆ ಪ್ರತ್ಯೇಕವಾಗಿ ಬೇಕು. ಇಷ್ಟು ಸಾಲದೆಂಬಂತೆ, ಶಾಲೆಯ ತಪಾಸಣೆಯ ಚಲನಚಿತ್ರವನ್ನು ಯೂಟ್ಯೂಬಿನಲ್ಲಿ ಹಾಕಿ ಅದರ ಕೊಂಡಿಯನ್ನೂ ಕೊಡಬೇಕು.

ನಮೂನೆ ಒಳ್ಳೆಯದೇ. ಒಬ್ಬ ವಿಚಾರವಂತ ಪಾಲಕ ಕೇಳಬಹುದಾದ ಪ್ರಶ್ನೆಗಳಲ್ಲಿ ಬಹುಪಾಲು ಅದರಲ್ಲಿ ಅಡಕವಾಗಿವೆ. ಆದರೆ ಆಚರಣೆಯಲ್ಲಿ ಅದು ಪಡೆದಿರುವ ರೂಪ ಬೇರೆ. ನಮೂನೆ ಇಂಗ್ಲಿಷಿನಲ್ಲಿದೆ, ಭರ್ತಿಯಾಗುವುದೂ ಇಂಗ್ಲಿಷಿನಲ್ಲಿಯೇ. ಪ್ರಮಾಣಪತ್ರಗಳು ಮೊಹರು-ಸಹಿಗಳ ಸಮೇತ ಛಾಯಾಪ್ರತಿಗಳಾಗಿ, ಒಂದರ ಹಿಂದೊಂದು ಕೊಂಡಿಗಳಾಗಿ ಜಾಲತಾಣದ ಯಾವುದೋ ಮೂಲೆಯಲ್ಲಿ ಕುಳಿತಿರುತ್ತವೆ. ಮೊಬೈಲಿನಲ್ಲಿ ತೆರೆದರೆ ಅಕ್ಷರಗಳು ಸಾಸಿವೆಯ ಕಾಳಿನಷ್ಟು. ಮುಖಪುಟದಲ್ಲಿ ಮಾತ್ರ ಸ್ನೇಹಸಮ್ಮೇಳನದ ಬಣ್ಣದ ಚಿತ್ರಗಳು, ಹೊಸ ಕಟ್ಟಡದ ಉದ್ಘಾಟನೆ, ಗಣ್ಯರ ಸನ್ಮಾನ. ಅಂದರೆ ಜಾಲತಾಣಕ್ಕೆ ಇಬ್ಬರು ಓದುಗರಿದ್ದಾರೆ. ಮುಂಬಾಗಿಲಿನಲ್ಲಿ ಬೆಂಗಳೂರಿನಲ್ಲಿಯೋ ಅಮೆರಿಕೆಯಲ್ಲಿಯೋ ನೆಲೆಸಿರುವ ಹಳೆಯ ವಿದ್ಯಾರ್ಥಿ, ಹಿಂಬಾಗಿಲಿನಲ್ಲಿ ಮಂಡಳಿಯ ತಪಾಸಣಾಧಿಕಾರಿ. ಮಧ್ಯದಲ್ಲಿ ನಿಲ್ಲಬೇಕಾದ ಪಾಲಕನನ್ನು ಉದ್ದೇಶಿಸಿ ಬರೆದ ವಾಕ್ಯ ಒಂದೂ ಇರುವುದಿಲ್ಲ.

ಇದು ಹೊಸ ಶಾಲೆಯ ಮಾತಾಯಿತು. ಹಳೆಯ ಅನುದಾನಿತ ಶಾಲೆಗೆ ಇಂಥ ಜಂಜಾಟವಿಲ್ಲವೆಂಬ ನಂಬಿಕೆ ಅನೇಕ ಆಡಳಿತ ಮಂಡಳಿಗಳಲ್ಲಿದೆ. ಆ ನಂಬಿಕೆ ತಪ್ಪು. ಕರ್ನಾಟಕವು 2000ದಲ್ಲಿಯೇ ತನ್ನದೇ ಆದ ಮಾಹಿತಿ ಹಕ್ಕಿನ ಕಾಯದೆಯನ್ನು ಮಾಡಿಕೊಂಡಿದ್ದ ರಾಜ್ಯ. ಅದರ ತರುವಾಯ ಬಂದ 2005ರ ಕೇಂದ್ರದ ಮಾಹಿತಿ ಹಕ್ಕು ಕಾಯದೆಯು ಸರಕಾರದಿಂದ ಗಣನೀಯ ಪ್ರಮಾಣದಲ್ಲಿ ಧನಸಹಾಯ ಪಡೆಯುವ ಸಂಸ್ಥೆಗಳನ್ನೂ ಸಾರ್ವಜನಿಕ ಪ್ರಾಧಿಕಾರಗಳೆಂದು ಪರಿಗಣಿಸುತ್ತದೆ. ಸರ್ಕಾರೇತರ ಶಿಕ್ಷಣ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿ ಪಂಜಾಬು-ಚಂಡೀಗಡ ಭಾಗದ ಕಾಲೇಜುಗಳ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಣನೀಯವೆಂದರೆ ಅರ್ಧಕ್ಕಿಂತ ಹೆಚ್ಚೆಂದೇನೂ ಅಲ್ಲ. ನಗರದಲ್ಲಿ ಭೂಮಿ ಉಚಿತವಾಗಿ ಅಥವಾ ಭಾರಿ ರಿಯಾಯಿತಿಯಲ್ಲಿ ದೊರೆತಿದ್ದರೆ ಅದೂ ಧನಸಹಾಯವೇ ಆಗಬಲ್ಲದೆಂದು ನ್ಯಾಯಾಲಯ ಹೇಳಿತು. ಶಿಕ್ಷಕರ ಸಂಬಳವೇ ಸರಕಾರದ ಖಜಾನೆಯಿಂದ ಬರುವ ಶಾಲೆ ಈ ವ್ಯಾಖ್ಯೆಯ ಹೊರಗೆ ಉಳಿಯುವುದು ಕಷ್ಟ.

ಆ ಕಾಯದೆಯ 4ನೆಯ ಪ್ರಕರಣದಲ್ಲಿ, ಯಾರೂ ಅರ್ಜಿ ಹಾಕದಿದ್ದರೂ ಸಂಸ್ಥೆಯು ತಾನಾಗಿ ಪ್ರಕಟಿಸಬೇಕಾದ 17 ಬಾಬುಗಳ ಪಟ್ಟಿಯಿದೆ. ಸಿಬ್ಬಂದಿಯ ಯಾದಿ, ಅವರ ಮಾಸಿಕ ವೇತನ, ಆಯವ್ಯಯ, ಮಾಹಿತಿ ಅಧಿಕಾರಿಯ ಹೆಸರು ಮೊದಲಾದವು ಅದರಲ್ಲಿವೆ. ಈ ಪಟ್ಟಿಯನ್ನು ಬಲ್ಲವರು ಉಂಟು. ಅದೇ ಪ್ರಕರಣದ ಕೊನೆಯ ಉಪಪ್ರಕರಣವನ್ನು ಓದಿದವರು ವಿರಳ. ಮಾಹಿತಿಯನ್ನು ಹರಡುವಾಗ ಖರ್ಚಿನ ಮಿತವ್ಯಯ, ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನದ ರೀತಿ ಈ ಮೂರನ್ನೂ ಲಕ್ಷ್ಯದಲ್ಲಿಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಹರಡುವುದೆಂದರೇನು ಎಂಬುದಕ್ಕೆ ಕೊಟ್ಟ ವಿವರಣೆಯಲ್ಲಿ ಮೊದಲು ಬರುವುದು ಸೂಚನಾ ಫಲಕ. ಬಳಿಕ ವೃತ್ತಪತ್ರಿಕೆ, ಸಾರ್ವಜನಿಕ ಸಾರಿಕೆ, ಪ್ರಸಾರ ಮಾಧ್ಯಮ. ಅಂತರ್ಜಾಲ ಬರುವುದು ಅವುಗಳ ನಂತರ. ದಿಲ್ಲಿಯಲ್ಲಿ ಕುಳಿತು ಕಾಯದೆ ಬರೆದವರಿಗೆ ಹಳ್ಳಿಯ ಪಾಲಕನ ನೆನಪಿತ್ತು. ಅವನ ಊರಿಗೆ ಹತ್ತು ಮೈಲು ದೂರದ ಶಾಲೆಗೆ ಆ ನೆನಪು ಬಾರದಿದ್ದರೆ ಅದಕ್ಕೆ ಏನೆನ್ನಬೇಕು?

ಶುಲ್ಕದ ಪ್ರಕಟಣೆಯ ವಿಷಯದಲ್ಲಿ ಇನ್ನಷ್ಟು ನಿಷ್ಠುರವಾಗಿ ಮಾತನಾಡಬೇಕಾಗಿದೆ. ಮಠದ ಸಂಸ್ಥೆಗಳಲ್ಲಿ ‘ಕಾಣಿಕೆ’ ಎಂಬ ಪದಕ್ಕೆ ಒಂದು ಗೌರವವಿದೆ. ಭಕ್ತನು ಒಲಿದು ಕೊಟ್ಟುದು ಕಾಣಿಕೆ. ಆದರೆ ಪ್ರವೇಶದ ಮೇಜಿನ ಮುಂದೆ, ಸೀಟು ಸಿಕ್ಕೀತೋ ಇಲ್ಲವೋ ಎಂಬ ಆತಂಕದಲ್ಲಿ ನಿಂತವನಿಂದ ಕಟ್ಟಡ ನಿಧಿಗೆಂದು ಪಡೆದುದನ್ನು ಅದೇ ಪದದಿಂದ ಕರೆಯಬಹುದೆ? ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ 2009ರ ಕಾಯದೆ ಈ ಪ್ರಶ್ನೆಗೆ ಬಲು ಸರಳವಾದ ಉತ್ತರ ಕೊಟ್ಟಿದೆ. ಶಾಲೆಯು ಪ್ರಕಟಪಡಿಸಿದ ಶುಲ್ಕವನ್ನು ಬಿಟ್ಟು ಬೇರಾವ ರೀತಿಯ ದೇಣಿಗೆ, ವಂತಿಗೆ ಅಥವಾ ಪಾವತಿಯನ್ನು ಪಡೆದರೂ ಅದು ಕ್ಯಾಪಿಟೇಶನ್ ಶುಲ್ಕವೆನಿಸುತ್ತದೆ. ಅಂಥದನ್ನು ಪಡೆದ ಸಂಸ್ಥೆಗೆ ಪಡೆದುದರ ಹತ್ತು ಪಟ್ಟಿನ ತನಕ ದಂಡ ವಿಧಿಸಬಹುದು. ಕರ್ನಾಟಕವಂತೂ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಪ್ರತ್ಯೇಕ ಕಾಯದೆಯನ್ನು 1984ರಲ್ಲಿಯೇ ಮಾಡಿತ್ತು.

ಕೇಂದ್ರದ ಕಾಯದೆಯ ಆ ವ್ಯಾಖ್ಯೆಯನ್ನು ಎರಡು ಸಲ ಓದಬೇಕು. ಅದರಲ್ಲಿ ಮೊತ್ತದ ಮಾತಿಲ್ಲ, ಉದ್ದೇಶದ ಮಾತಿಲ್ಲ, ಸಂಸ್ಥೆಯ ಘನತೆಯ ಮಾತಂತೂ ಇಲ್ಲವೇ ಇಲ್ಲ. ಮೊದಲೇ ಪ್ರಕಟಿಸಿದ್ದರೆ ಶುಲ್ಕ, ಪ್ರಕಟಿಸದೆ ಪಡೆದರೆ ಅಪರಾಧ. ಆದುದರಿಂದ ಶುಲ್ಕದ ಹಾಳೆಯೆಂಬುದು ಕಡತದ ಅಲಂಕಾರವಲ್ಲ. ಸಮವಸ್ತ್ರ, ಪುಸ್ತಕ, ಬಸ್ಸು, ಗಣಕಯಂತ್ರ, ಸ್ನೇಹಸಮ್ಮೇಳನ, ಗುರುತಿನ ಚೀಟಿ, ಹೀಗೆ ಪಾಲಕನ ಕೈಯಿಂದ ಹೋಗುವ ಪ್ರತಿಯೊಂದು ರೂಪಾಯಿಯೂ ಜೂನ್ ತಿಂಗಳಿಗೆ ಮುಂಚೆ ಅದರಲ್ಲಿ ಬರೆದಿರಬೇಕು. ಕಟ್ಟಡಕ್ಕೆ ನಿಜವಾಗಿಯೂ ಹಣ ಬೇಕಾಗಿದ್ದರೆ ಭಕ್ತರ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ಬಹಿರಂಗವಾಗಿ ಕೈ ನೀಡಬೇಕು. ಅವರು ಹಿಂದೆ ಕೊಟ್ಟಿದ್ದಾರೆ, ಮುಂದೆಯೂ ಕೊಟ್ಟಾರು. ಈ ಎರಡನ್ನೂ ಬೆರೆಸಿದರೆ ಪಾಲಕನ ಹಣಕ್ಕಷ್ಟೇ ಅಲ್ಲ, ದಾನಿಯ ಹಣಕ್ಕೂ ಮೈಲಿಗೆ ತಟ್ಟುತ್ತದೆ. ಸಂಚಿಕೆಯ ಕೊನೆಯ ಹಾಳೆಯಲ್ಲಿ ಅಚ್ಚಾದ ಹೆಸರುಗಳಲ್ಲಿ ಒಲಿದು ಕೊಟ್ಟವರಾರು, ಸೀಟಿಗಾಗಿ ಕೊಟ್ಟವರಾರು ಎಂದು ಓದುಗರು ಅನುಮಾನಿಸುವ ದಿನ ಬಾರದಿರಲಿ.

ಕಟ್ಟಡದ ಮಾತು ಬಂದುದರಿಂದ ಒಂದು ಘಟನೆಯನ್ನು ನೆನೆಯಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಮಾಡಿಗೆ ಹಬ್ಬಿ 90ಕ್ಕೂ ಹೆಚ್ಚು ಎಳೆಯ ಮಕ್ಕಳು ಸುಟ್ಟು ಸತ್ತರು. ಶಾಲೆಗಳ ಅಗ್ನಿಸುರಕ್ಷತೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಕೊಟ್ಟ ನಿರ್ದೇಶನಗಳ ಹಿಂದೆ ಆ ಮಕ್ಕಳ ಬೂದಿಯಿದೆ. ಆ ಶಾಲೆಗೆ ಮಕ್ಕಳನ್ನು ಕಳುಹಿಸಿದ ತಾಯಂದಿರಿಗೆ ಮಾಡು ಗರಿಯದೆಂಬುದು ಕಣ್ಣಿಗೆ ಕಾಣುತ್ತಿತ್ತು. ಅದನ್ನು ಪರೀಕ್ಷಿಸಿ ಸಹಿ ಹಾಕಬೇಕಾದವರು ಬೇರೆ ಇದ್ದರು. ಇಂದು ಅಗ್ನಿಸುರಕ್ಷತೆಯ ಪ್ರಮಾಣಪತ್ರವು ಜಾಲತಾಣದಲ್ಲಿ ಇರಬೇಕೆಂಬ ನಿಯಮವನ್ನು ಕಾಗದದ ಕಿರುಕುಳವೆಂದು ಗೊಣಗುವ ಮುಖ್ಯೋಪಾಧ್ಯಾಯರು, ಅದು ಯಾರ ಕೈಯಲ್ಲಿರಬೇಕಾದ ಕಾಗದವೆಂಬುದನ್ನು ಒಮ್ಮೆ ಆಲೋಚಿಸಬೇಕು. ಪ್ರಮಾಣಪತ್ರದ ಅವಧಿ ಮುಗಿದ ದಿನಾಂಕವನ್ನು ಪಾಲಕನೂ ಓದಬಲ್ಲವನಾದರೆ ಅದನ್ನು ನವೀಕರಿಸುವ ತ್ವರೆ ತಾನಾಗಿ ಬರುತ್ತದೆ.

ಫಲಿತಾಂಶದ ಪ್ರಕಟಣೆಗೆ ಯಾವ ಶಾಲೆಯೂ ಹಿಂಜರಿಯುವುದಿಲ್ಲ. ಹಾಗೆ ನೋಡಿದರೆ ಅದೊಂದನ್ನೇ ಎಲ್ಲರೂ ಉತ್ಸಾಹದಿಂದ ಪ್ರಕಟಿಸುವುದು. ಹತ್ತನೆಯ ತರಗತಿಯ ಫಲಿತಾಂಶ ಬಂದ ಸಂಜೆಯೇ ಬಸ್ ನಿಲ್ದಾಣದ ವೃತ್ತದಲ್ಲಿ ಶೇಕಡಾವಾರು ಅಂಕಗಳ ಫಲಕ ಏಳುತ್ತದೆ. ಆದರೆ ಪರೀಕ್ಷೆಗೆ ಹೆಸರು ನೋಂದಾಯಿಸಿದವರೆಷ್ಟು, ತೇರ್ಗಡೆಯಾದವರೆಷ್ಟು ಎಂಬ ಲೆಕ್ಕ ಅರ್ಧ ಲೆಕ್ಕ. ಎಂಟನೆಯ ತರಗತಿಗೆ 100 ಮಕ್ಕಳು ಸೇರಿದ್ದರೆಂದು ಇಟ್ಟುಕೊಂಡರೆ, ಅವರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 78 ಮಂದಿ, ಅವರೆಲ್ಲರೂ ತೇರ್ಗಡೆಯಾದರು. ಶಾಲೆಯ ಫಲಕ ಶೇಕಡಾ 100 ಎನ್ನುತ್ತದೆ. ಉಳಿದ 22 ಮಂದಿ ಎಲ್ಲಿ ಹೋದರು? ಕೆಲವರ ತಂದೆತಾಯಿಗಳು ದುಡಿಯಲು ಊರು ಬಿಟ್ಟಿರಬಹುದು, ಕೆಲವು ಹೆಣ್ಣುಮಕ್ಕಳ ಲಗ್ನವಾಗಿರಬಹುದು. ಕೆಲವರನ್ನು ಒಂಬತ್ತನೆಯ ತರಗತಿಯಲ್ಲಿಯೇ ತಡೆದು, ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿರಲೂಬಹುದು. ಈ ಕೊನೆಯ ಪದ್ಧತಿ ಶಿಕ್ಷಕರ ಕೊಠಡಿಯಲ್ಲಿ ಯಾರಿಗೂ ಅಪರಿಚಿತವಲ್ಲ. ಸೇರಿದವರ ಸಂಖ್ಯೆಯನ್ನು ಕುಳಿತವರ ಸಂಖ್ಯೆಯ ಪಕ್ಕದಲ್ಲಿ ಬರೆಯಬೇಕೆಂದು ಮಂಡಳಿಯ ನಮೂನೆಯೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುವ ಶಾಲೆ ಇದ್ದರೆ ಅದರ ಶೇಕಡಾ 85 ಇನ್ನೊಂದರ ಶೇಕಡಾ 100ಕ್ಕಿಂತ ದೊಡ್ಡದು.

ಬರಿಯ ಅಂಕಗಳ ಪ್ರಕಟಣೆ ಏನನ್ನು ಮಾಡಬಲ್ಲದೆಂಬುದಕ್ಕೆ ಬ್ರಿಟನ್ನಿನ ಅನುಭವ ಕಣ್ಣಮುಂದಿದೆ. ಶಾಲೆಗಳು ಪಾಲಕರಿಗೆ ಮಾಹಿತಿ ಕೊಡಬೇಕೆಂಬ ಕಾನೂನು ಅಲ್ಲಿ 1980ರ ಶಿಕ್ಷಣ ಕಾಯದೆಯಿಂದಲೇ ಇದೆ. 1990ರ ದಶಕದಲ್ಲಿ ಫಲಿತಾಂಶಗಳ ಕೋಷ್ಟಕಗಳನ್ನು ಸರಕಾರವೇ ಪ್ರಕಟಿಸತೊಡಗಿದಾಗ ಪತ್ರಿಕೆಗಳು ಅವನ್ನು ಕುದುರೆಯ ಜೂಜಿನ ಪಟ್ಟಿಯಂತೆ ಅಚ್ಚುಹಾಕಿದವು. ಶಾಲೆಗಳು ಪಟ್ಟಿಯಲ್ಲಿ ಮೇಲೇರಲು ಹವಣಿಸಿದುವು. ವೇಲ್ಸ್ ಮತ್ತು ಉತ್ತರ ಐರ್ಲೆಂಡ್ 2001ರಲ್ಲಿ ಆ ಕೋಷ್ಟಕಗಳನ್ನು ಕೈಬಿಟ್ಟವು. ಇಂಗ್ಲೆಂಡು ಬಿಡಲಿಲ್ಲವಾದರೂ ಅವುಗಳ ಜೊತೆಗೆ ಬೇರೆಯದನ್ನೂ ಕೇಳತೊಡಗಿತು. 2012ರ ಸೆಪ್ಟೆಂಬರಿನಿಂದ ಅಲ್ಲಿನ ಸರಕಾರಿ ಧನಸಹಾಯದ ಶಾಲೆಗಳು ತಮ್ಮ ಜಾಲತಾಣದಲ್ಲಿ ಪ್ರತಿ ವಿಷಯದ ಪಠ್ಯಕ್ರಮ, ಓದು ಕಲಿಸುವ ಪದ್ಧತಿ, ಪ್ರವೇಶದ ನಿಯಮ ಮೊದಲಾದವನ್ನು ಇಡಬೇಕಾಯಿತು. ಬಡಮಕ್ಕಳ ಸಲುವಾಗಿ ಸರಕಾರ ಕೊಡುವ ವಿಶೇಷ ಅನುದಾನವನ್ನು ಹೇಗೆ ಖರ್ಚುಮಾಡಲಾಯಿತು, ಅದರಿಂದ ಆ ಮಕ್ಕಳಿಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಎಲ್ಲಕ್ಕಿಂತ ಮೆಚ್ಚತಕ್ಕ ಅಂಶವೊಂದು ಸಣ್ಣದಾಗಿ ಅದರಲ್ಲಿದೆ: ಜಾಲತಾಣದಲ್ಲಿರುವುದನ್ನು ಪಾಲಕರು ಕಾಗದದ ಮೇಲೆ ಕೇಳಿದರೆ ಶಾಲೆಯು ಅದನ್ನು ಪುಕ್ಕಟೆಯಾಗಿ ಕೊಡಬೇಕು. ಅಂತರ್ಜಾಲ ಮನೆಮನೆಗೆ ಮುಟ್ಟಿರುವ ದೇಶಕ್ಕೇ ಈ ಎಚ್ಚರ ಬೇಕೆನಿಸಿದೆ.

ಇನ್ನು ಪ್ರಕಟಿಸಬಾರದ ಸಂಗತಿಗಳೂ ಇವೆ. ವಿಪರ್ಯಾಸವೆಂದರೆ, ಪ್ರಕಟಿಸಬೇಕಾದುದನ್ನು ಮುಚ್ಚಿಡುವ ಶಾಲೆಯೇ ಹಲವು ಸಲ ಮುಚ್ಚಿಡಬೇಕಾದುದನ್ನು ಪ್ರಕಟಿಸುತ್ತದೆ. ಶುಲ್ಕ ಬಾಕಿಯಿರುವ ಮಕ್ಕಳ ಹೆಸರುಗಳನ್ನು ಸೂಚನಾ ಫಲಕಕ್ಕೆ ಅಂಟಿಸುವುದು, ತರಗತಿಯಲ್ಲಿ ಎದ್ದು ನಿಲ್ಲಿಸಿ ಓದುವುದು, ಈಚೆಗೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು, ಇವು ಅನಾಗರಿಕ ಪದ್ಧತಿಗಳು. ಆ ಹೆಸರನ್ನು ಓದುವುದು ಸಾಲಗಾರನಾದ ತಂದೆಯಲ್ಲ, ಪಕ್ಕದ ಬೆಂಚಿನ ಹುಡುಗ. ಮಗುವಿಗೆ ಮಾನಸಿಕ ಕಿರುಕುಳವಾಗುವ ಯಾವ ವರ್ತನೆಯನ್ನೂ 2009ರ ಕಾಯದೆಯ 17ನೆಯ ಪ್ರಕರಣ ನಿಷೇಧಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳನ್ನು ಬಳಸಿಕೊಳ್ಳಲು ಪಾಲಕರ ಸಮ್ಮತಿಯನ್ನು ಅಗತ್ಯಪಡಿಸುತ್ತದೆ. ಮೊದಲ ಸ್ಥಾನ ಪಡೆದ ಹುಡುಗಿಯ ಚಿತ್ರ, ಹೆಸರು, ಊರು, ತಂದೆಯ ಉದ್ಯೋಗಗಳನ್ನು ರಸ್ತೆಯ ಫಲಕದಲ್ಲಿ ಹಾಕುವ ಮುನ್ನ ಅವಳ ಮನೆಯವರನ್ನು ಒಂದು ಮಾತು ಕೇಳಿದ ಶಾಲೆಗಳು ಎಷ್ಟಿದ್ದಾವು! ಶಾಲೆ ಬಯಲು ಮಾಡಬೇಕಾದುದು ತನ್ನನ್ನು, ಮಕ್ಕಳನ್ನಲ್ಲ.

ಇಷ್ಟೆಲ್ಲ ಬರೆದು ತೂಗುಹಾಕಿದರೆ ಓದುವವರು ಯಾರು ಎಂದು ಕೆಲವು ಶಿಕ್ಷಕರು ಕೇಳುವುದುಂಟು. ಉತ್ತರ ಪ್ರತಿಯೊಂದು ಶಾಲೆಯ ಅಡುಗೆಮನೆಯ ಗೋಡೆಯ ಮೇಲಿದೆ. ಮಧ್ಯಾಹ್ನದ ಊಟದ ಯೋಜನೆ ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನಿಟ್ಟರು, ಆ ಹೆಸರು ಯಾವ ಪರಂಪರೆಯಿಂದ ಬಂದುದೆಂದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಎಷ್ಟು ಧಾನ್ಯ ಬಂತು, ಎಂದು ಬಂತು, ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳು ಉಂಡರು, ಇಂದು ಏನು ಅಡುಗೆ ಎಂಬುದನ್ನು ಶಾಲೆಯಲ್ಲಿ ಎದ್ದು ಕಾಣುವ ಜಾಗದಲ್ಲಿ ಬರೆಯಬೇಕೆಂದು ಮಧ್ಯಾಹ್ನದ ಊಟದ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ತಾಯಂದಿರು ಓದುತ್ತಾರೆ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳುತ್ತಾರೆ. ಬುಧವಾರ ತರಕಾರಿಯೆಂದು ಬರೆದು ಬರಿಯ ಬೇಳೆಸಾರು ಬಡಿಸಿದರೆ ಗುರುವಾರ ಬೆಳಿಗ್ಗೆ ಅಡುಗೆಯವರಿಗೆ ಪ್ರಶ್ನೆ ಬಂದೇ ಬರುತ್ತದೆ. ಜೋಳದ ನುಚ್ಚಿನ ಲೆಕ್ಕ ಓದಬಲ್ಲ ತಾಯಿ ಗಣಿತದ ಶಿಕ್ಷಕರ ಹುದ್ದೆ ಖಾಲಿಯಿದೆಯೆಂಬುದನ್ನು ಓದಲಾರಳೆ?

ಖಾಲಿ ಹುದ್ದೆಗಳ ಮಾತು ಅನುದಾನಿತ ಶಾಲೆಗಳ ವ್ರಣದ ಮೇಲೆ ಕೈಯಿಟ್ಟಂತೆ. ನಿವೃತ್ತರಾದವರ ಸ್ಥಾನಗಳು ಸರಕಾರದ ಅನುಮತಿಗಾಗಿ ಕಾದು ವರ್ಷಗಟ್ಟಲೆ ಬರಿದಾಗಿ ಉಳಿಯುತ್ತವೆ. ಆಡಳಿತ ಮಂಡಳಿಯವರು ತಮ್ಮ ನಿಧಿಯಿಂದ ಅಲ್ಪ ಸಂಬಳ ಕೊಟ್ಟು ಯಾರನ್ನಾದರೂ ನಿಲ್ಲಿಸುತ್ತಾರೆ. ಇದನ್ನು ಪ್ರಕಟಿಸಿದರೆ ಶಾಲೆಯ ಹೆಸರು ಕೆಡುತ್ತದೆ, ಮಕ್ಕಳು ಮಗ್ಗುಲಿನ ಖಾಸಗಿ ಶಾಲೆಗೆ ಹೋಗುತ್ತಾರೆಂಬ ಅಂಜಿಕೆ ಸಹಜವಾದುದು, ಅದನ್ನು ಲಘುವಾಗಿ ಕಾಣಲಾಗದು. ಆದರೆ ಮುಚ್ಚಿಟ್ಟುದರಿಂದ ಆಗಿರುವುದೇನು? ಸರಕಾರಕ್ಕೆ ಮನವಿ ಕೊಡುವಾಗ ಆಡಳಿತ ಮಂಡಳಿಯವರು ಒಬ್ಬಂಟಿಗರಾಗಿ ಹೋಗುತ್ತಾರೆ. ಹುದ್ದೆ ಖಾಲಿಯಿರುವುದರಿಂದ ನಷ್ಟಹೊಂದಿದವರು ತಾವೆಂಬುದೇ ಪಾಲಕರಿಗೆ ಗೊತ್ತಿರದಿದ್ದಾಗ ಅವರು ಜೊತೆಗೆ ಬರುವುದಾದರೂ ಹೇಗೆ? ಮೇಲಾಗಿ ಈ ಮಾಹಿತಿ ಗುಟ್ಟಾಗಿಯೂ ಉಳಿದಿಲ್ಲ. ಪ್ರತಿ ಶಾಲೆಗೂ ಇರುವ 11 ಅಂಕಿಗಳ ಯು-ಡೈಸ್ ಸಂಖ್ಯೆಯಡಿ ದಾಖಲಾತಿ, ಶಿಕ್ಷಕರ ಸಂಖ್ಯೆ, ಶೌಚಾಲಯ, ಕುಡಿಯುವ ನೀರು, ವಿದ್ಯುತ್ತು ಇವುಗಳ ವಿವರವನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಜಾಲತಾಣದಲ್ಲಿ ಯಾರೂ ನೋಡಬಹುದು. ಅದನ್ನು ವರ್ಷ ವರ್ಷವೂ ತುಂಬಿ ಕಳುಹಿಸುವವರು ಇದೇ ಮುಖ್ಯೋಪಾಧ್ಯಾಯರು. ದಿಲ್ಲಿಗೆ ಹೇಳಿದುದನ್ನು ಊರಿಗೆ ಹೇಳಲು ಸಂಕೋಚವೇಕೆ? ಎರಡೂ ಕಡೆ ಒಂದೇ ಅಂಕಿ ಇದ್ದರೆ ಸಂಕೋಚಕ್ಕೆ ಕಾರಣವಿಲ್ಲ. ಬೇರೆ ಬೇರೆ ಇದ್ದರೆ ತಿದ್ದಬೇಕಾದುದು ಯಾವುದೆಂದು ಅವರಿಗೇ ಗೊತ್ತು.

ಶಿಕ್ಷಕರ ಮೇಲೆ ಕಾಗದದ ಹೊರೆ ಈಗಾಗಲೇ ಹೆಚ್ಚಾಗಿದೆಯೆಂಬ ದೂರು ಸುಳ್ಳಲ್ಲ. ಗಣತಿ, ಚುನಾವಣೆ, ಆ ಆ್ಯಪು ಈ ಆ್ಯಪುಗಳ ನಡುವೆ ಪಾಠಕ್ಕೆ ಸಮಯ ಸಿಗುವುದೇ ದುರ್ಲಭವಾಗಿರುವಾಗ ಇನ್ನೊಂದು ನಮೂನೆಯನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಲ್ಲಿ ಬೇಕಾದುದು ಹೊಸ ಮಾಹಿತಿಯಲ್ಲ. ಈಗಾಗಲೇ ಮೂರು ಕಡೆ ಬರೆದುಕೊಟ್ಟಿರುವುದನ್ನು ನಾಲ್ಕನೆಯ ಕಡೆ ಕನ್ನಡದಲ್ಲಿ, ಎರಡು ಪುಟ ಮೀರದಂತೆ ಬರೆಯುವುದಷ್ಟೆ. ಈ ಕೆಲಸವನ್ನು ಹಳೆಯ ವಿದ್ಯಾರ್ಥಿಗಳ ಸಂಘಗಳು ವಹಿಸಿಕೊಳ್ಳಬಹುದು. ಬೆಳ್ಳಿಹಬ್ಬಕ್ಕೆ ಕಮಾನು ಕಟ್ಟಿಸಲು ಹಣ ಕೂಡಿಸುವ ಉತ್ಸಾಹಿಗಳಲ್ಲಿ ಲೆಕ್ಕಪರಿಶೋಧಕರಿದ್ದಾರೆ, ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ. ವರ್ಷಕ್ಕೊಂದು ಭಾನುವಾರ ಶಾಲೆಗೆ ಬಂದು ಕೊಠಡಿಗಳನ್ನು ಅಳೆದು, ಶೌಚಾಲಯಗಳ ಬಾಗಿಲು ತೆರೆದು ನೋಡಿ, ಶುಲ್ಕದ ಪುಸ್ತಕವನ್ನು ರಸೀದಿಗಳೊಂದಿಗೆ ತಾಳೆಹಾಕಿ, ಕಂಡುದನ್ನು ಬರೆದುಕೊಟ್ಟರೆ ಅದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಬೇಡ. ದಾನಿಗಳೂ ತಮ್ಮ ಹೆಸರಿನ ಕಲ್ಲಿನ ಪಕ್ಕದಲ್ಲಿ ಈ ಹಾಳೆಗೊಂದು ಗಾಜಿನ ಪೆಟ್ಟಿಗೆಯನ್ನು ಕೇಳಿ ಪಡೆಯಬಹುದು.

ಹಾಳೆಯ ಭಾಷೆ ಸರಕಾರಿ ಸುತ್ತೋಲೆಯ ಕನ್ನಡವಾಗಬಾರದು. ‘ಅಗ್ನಿಶಾಮಕ ನಿರಾಕ್ಷೇಪಣಾ ಪ್ರಮಾಣಪತ್ರದ ನವೀಕರಣವು ಪ್ರಕ್ರಿಯೆಯಲ್ಲಿರುತ್ತದೆ’ ಎಂದು ಬರೆದರೆ ಅದು ಇಂಗ್ಲಿಷಿಗಿಂತ ಕಷ್ಟ. ಬೆಂಕಿಯಿಂದ ರಕ್ಷಣೆಗೆ ಪಡೆದ ಪತ್ರದ ಅವಧಿ ಮಾರ್ಚಿಗೆ ಮುಗಿದಿದೆ, ಹೊಸದಕ್ಕೆ ಅರ್ಜಿ ಕೊಟ್ಟಿದೆ, ಇನ್ನೂ ಬಂದಿಲ್ಲ ಎಂದು ಬರೆಯಬೇಕು. ಇಲ್ಲದ್ದನ್ನು ಇಲ್ಲವೆಂದು ಬರೆಯುವ ಧೈರ್ಯವೂ ಬೇಕು. ವಿಶೇಷ ಶಿಕ್ಷಕರ ಮುಂದಿನ ಜಾಗ ಎಷ್ಟೋ ಶಾಲೆಗಳಲ್ಲಿ ಬರಿದಾಗಿರುತ್ತದೆ ಅಥವಾ ಚಿತ್ರಕಲೆಯ ಶಿಕ್ಷಕರ ಹೆಸರಿನಿಂದ ತುಂಬಿರುತ್ತದೆ. ಕಿವಿ ಕೇಳದ ಮಗುವಿನ ತಾಯಿ ಆ ಸಾಲನ್ನು ನಂಬಿ ಶಾಲೆಗೆ ಬಂದಾಳು ಎಂಬುದನ್ನು ನೆನಪಿನಲ್ಲಿಟ್ಟು ಅದನ್ನು ಬರೆಯಬೇಕು.

ಮುಂದಿನ ಪ್ರವೇಶದ ಹಂಗಾಮು ಮೇ ತಿಂಗಳಲ್ಲಿ ತೊಡಗುತ್ತದೆ. ಏಪ್ರಿಲ್ ಕೊನೆಯ ವಾರದೊಳಗೆ ಹಾಳೆ ಸಿದ್ಧವಾದರೆ ಒಂದು ಪ್ರತಿ ಜಾಲತಾಣಕ್ಕೆ ಹೋಗಬಹುದು, ಒಂದು ಗೇಟಿನ ಬಳಿಯ ಫಲಕಕ್ಕೆ, ಉಳಿದವು ಕಚೇರಿಯ ಕಿಟಕಿಗೆ. ಫಲಕವನ್ನು ನಿಂತವರ ಕಣ್ಣಿನ ಎತ್ತರಕ್ಕೆ ಹಾಕಿಸಬೇಕು. ಪಂಚಾಂಗದ ಹಾಗೆ ಬಾಗಿಲಿನ ಮೇಲೆ ತೂಗಿಸುವ ರೂಢಿ ಹಲವೆಡೆ ಇದೆ. ಕಿಟಕಿಯ ಪ್ರತಿಗಳ ಮೇಲೆ ಮುಖ್ಯೋಪಾಧ್ಯಾಯರ ಸಹಿ, ದಿನಾಂಕ ಮತ್ತು ಸಂದೇಹವಿದ್ದರೆ ಯಾವ ಮೇಜಿನಲ್ಲಿ ಯಾರನ್ನು ಕೇಳಬೇಕೆಂಬ ಸಾಲು ಇರಲಿ. ‘ಒಟ್ಟು’ ಎಂಬುದರ ಮುಂದಿನ ಅಂಕಿಯನ್ನು ಉಳಿದವುಗಳಿಗಿಂತ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿದರೆ, ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ಮರಳಬಹುದು.